ಸೇವೆಯ ಋಣ ಮತ್ತು ನೆಲದ ಹಕ್ಕು

ನಮ್ಮ ಕಡೆ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಅಪರಿಚಿತರೊಡನೆ ಮಾತು ಶುರುವಾಗುವುದು ಹೆಚ್ಚಾಗಿ ಒಂದೇ ಪ್ರಶ್ನೆಯಿಂದ. ತುಳುವಿನಲ್ಲಾದರೆ 'ಊರು ಓಲು?' ಎನ್ನುತ್ತೇವೆ. ಕನ್ನಡದಲ್ಲಾದರೆ 'ನಿಮ್ಮದು ಊರು ಯಾವುದಾಯಿತು?' ಪ್ರಶ್ನೆಯಲ್ಲಿ ಕೆಟ್ಟ ಉದ್ದೇಶವೇನೂ ಇಲ್ಲ. ಬೆಳ್ಳಾರೆ, ಪಂಜ, ಉಪ್ಪಿನಂಗಡಿ ಎಂದು ಉತ್ತರ ಬಂದರೆ ಅಲ್ಲಿ ನಮಗೆ ಪರಿಚಯದವರು ಯಾರಿದ್ದಾರೆಂದು ಹೇಳಿ ಮಾತು ಮುಂದುವರಿಸುತ್ತೇವೆ.

ಆದರೆ ಪುತ್ತೂರು, ಸುಳ್ಯ, ಕಡಬದ ರಬ್ಬರ್ ತೋಟಗಳಲ್ಲಿ ಬದುಕುವ ಒಂದು ಸಮುದಾಯಕ್ಕೆ ಈ ಪ್ರಶ್ನೆ ಅಷ್ಟು ಹಗುರವಾದುದಲ್ಲ. 'ಸುಳ್ಯ' ಎಂದರೆ ಕೇಳಿದವರು ಬಿಡುವುದಿಲ್ಲ, 'ಅಲ್ಲ, ಮೂಲ ಎಲ್ಲಿ?' ಎನ್ನುತ್ತಾರೆ. 'ಶ್ರೀಲಂಕಾ' ಎನ್ನೋಣವೆಂದರೆ ಉತ್ತರಿಸುವ ಯುವಕ ಹುಟ್ಟಿದ್ದು ಇಲ್ಲಿಯೇ, ಕಲಿತದ್ದು ಇಲ್ಲಿನ ಕನ್ನಡ ಶಾಲೆಯಲ್ಲಿ. 'ತಮಿಳುನಾಡು' ಎನ್ನೋಣವೆಂದರೆ ಆತನ ಅಜ್ಜನ ಅಜ್ಜ ಅಲ್ಲಿಂದ ಹೊರಟು ನೂರೈವತ್ತು ವರ್ಷಗಳೇ ಆಗಿರಬಹುದು. ಮೂರು ಉತ್ತರಗಳೂ ನಿಜ. ಒಂದನ್ನೂ ಕೇಳಿದವರು ಪೂರ್ತಿ ಒಪ್ಪುವುದಿಲ್ಲ.

ನಾವು ಇವರನ್ನು 'ಸಿಲೋನಿನವರು' ಎಂದು ಕರೆದಿದ್ದೇವೆ, 'ಶ್ರೀಲಂಕಾ ನಿರಾಶ್ರಿತರು' ಎಂದೂ ಕರೆದಿದ್ದೇವೆ. ಎರಡನೆಯ ಹೆಸರು ಪತ್ರಿಕೆಗಳಲ್ಲೂ ಸಭೆಗಳ ಭಾಷಣಗಳಲ್ಲೂ ಎಷ್ಟು ಬಳಕೆಯಲ್ಲಿದೆಯೆಂದರೆ ಅದು ಸರಿಯೇ ತಪ್ಪೇ ಎಂದು ಯಾರೂ ಯೋಚಿಸುವುದಿಲ್ಲ. ಅದು ತಪ್ಪು. ಇವರು ಯಾರ ಬಾಗಿಲಿಗೂ ಆಶ್ರಯ ಕೇಳಿಕೊಂಡು ಬಂದವರಲ್ಲ. ಎರಡು ಸರ್ಕಾರಗಳು ಸಹಿ ಹಾಕಿದ ಒಪ್ಪಂದದ ಪ್ರಕಾರ, ಭಾರತದ ಪೌರರಾಗಿ, ಭಾರತದ ಪಾಸ್‌ಪೋರ್ಟ್ ಹಿಡಿದು ಬಂದವರು. ಹಾಗಿದ್ದೂ ಅರ್ಧ ಶತಮಾನದ ನಂತರವೂ ಅವರು ತಮ್ಮ ಪಾಲಿನದನ್ನು ಕೇಳಬೇಕಾದಾಗಲೆಲ್ಲ 'ನಾವು ಈ ನಾಡಿಗೆ ಇಷ್ಟು ದುಡಿದಿದ್ದೇವೆ' ಎಂದು ಲೆಕ್ಕ ಒಪ್ಪಿಸಬೇಕಾಗಿದೆ. ನಮ್ಮನ್ನು ಕಾಡುವ ಪ್ರಶ್ನೆ ಇದು: ಒಂದು ನೆಲದಲ್ಲಿ ಬಾಳುವ ಹಕ್ಕನ್ನು ಸೇವೆ ಮಾಡಿ ಗಳಿಸಬೇಕೇ? ದುಡಿಮೆಯ ರಸೀದಿ ತೋರಿಸಿದವರಿಗೆ ಮಾತ್ರ ಊರು ಸಿಗಬೇಕೇ?

ಮೊದಲು ಇವರು ಬಂದ ದಾರಿಯನ್ನು ನೋಡೋಣ.

ಹತ್ತೊಂಬತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಬ್ರಿಟಿಷರು ಸಿಲೋನಿನ ಬೆಟ್ಟಗಳಲ್ಲಿ ಕಾಫಿ ತೋಟ ಹಾಕಲು ಶುರುಮಾಡಿದಾಗ ತಮಿಳು ಜಿಲ್ಲೆಗಳಿಂದ ಕೂಲಿಗಳನ್ನು ಕರೆದೊಯ್ದರು. ಹೋದವರಲ್ಲಿ ಬಹುಪಾಲು ಜನ ಭೂಮಿಯಿಲ್ಲದ ದಲಿತರು. ಮನ್ನಾರ್ ತೀರದಲ್ಲಿ ದೋಣಿಯಿಂದಿಳಿದು ಕಾಡಿನ ದಾರಿಯಲ್ಲಿ ಬೆಟ್ಟಗಳ ಕಡೆಗೆ ನಡೆಯುತ್ತಿದ್ದ ಆ ತಂಡಗಳಲ್ಲಿ ಕಾಲರಾ, ಮಲೇರಿಯಾ, ಹಸಿವಿನಿಂದ ಸತ್ತವರ ಲೆಕ್ಕ ಯಾರೂ ಸರಿಯಾಗಿ ಇಟ್ಟಿಲ್ಲ. 1869ರ ನಂತರ ಎಲೆರೋಗ ಬಂದು ಕಾಫಿ ನಾಶವಾಯಿತು, ಆ ಜಾಗದಲ್ಲಿ ಚಹಾ ಬಂತು. ಚಹಾಕ್ಕೆ ವರ್ಷವಿಡೀ ಕೈಗಳು ಬೇಕು. ಹೀಗಾಗಿ ಬಂದುಹೋಗುತ್ತಿದ್ದವರು ಅಲ್ಲೇ ಲಯನ್ ಮನೆಗಳಲ್ಲಿ ನೆಲೆಸಿದರು, ಅಲ್ಲೇ ಹುಟ್ಟಿದರು, ಅಲ್ಲೇ ಮಣ್ಣಾದರು. 2023ರಲ್ಲಿ ಶ್ರೀಲಂಕೆಯ ಬೆಟ್ಟನಾಡಿನ ತಮಿಳರು ತಮ್ಮ ಪೂರ್ವಜರ ಆಗಮನಕ್ಕೆ 200 ವರ್ಷ ತುಂಬಿತೆಂದು ತಲೈಮನ್ನಾರಿನಿಂದ ಮಾತಲೆಯವರೆಗೆ ಕಾಲ್ನಡಿಗೆಯಲ್ಲಿ ಹೋದರು. ಆ ಹಳೆಯ ದಾರಿಯನ್ನು ಮತ್ತೊಮ್ಮೆ ನಡೆದು ಅವರು ದೇಶಕ್ಕೆ ನೆನಪಿಸಬೇಕಾಗಿ ಬಂದದ್ದೂ ಇದನ್ನೇ: ನಾವೂ ಇಲ್ಲಿಯವರು.

ಸಿಲೋನಿನ ಸಂಪತ್ತಿನ ದೊಡ್ಡ ಪಾಲು ಈ ಜನರ ಬೆರಳ ತುದಿಯಿಂದ ಬಂದದ್ದು. 1948ರಲ್ಲಿ ದೇಶ ಸ್ವತಂತ್ರವಾಯಿತು. ಅದೇ ವರ್ಷ ಬಂದ ಪೌರತ್ವ ಕಾನೂನು ತಂದೆ ಅಲ್ಲೇ ಹುಟ್ಟಿದ್ದಕ್ಕೆ, ಇಲ್ಲವೇ ಅಜ್ಜ ಮತ್ತು ಮುತ್ತಜ್ಜ ಅಲ್ಲೇ ಹುಟ್ಟಿದ್ದಕ್ಕೆ ಪುರಾವೆ ಕೇಳಿತು. ಲಯನ್ ಮನೆಯಲ್ಲಿ ಹುಟ್ಟಿದ ಕೂಲಿಯ ಜನನವನ್ನು ಯಾರು ಬರೆದಿಟ್ಟಿದ್ದರು? ಸ್ವಾತಂತ್ರ್ಯಕ್ಕೆ ಮುಂಚಿನ ಚುನಾವಣೆಯಲ್ಲಿ ತಮ್ಮದೇ ಪ್ರತಿನಿಧಿಗಳನ್ನು ಪಾರ್ಲಿಮೆಂಟಿಗೆ ಕಳುಹಿಸಿದ್ದ ಜನ ಒಂದೇ ಏಟಿಗೆ ಯಾವ ದೇಶಕ್ಕೂ ಸೇರದವರಾದರು. 1949ರಲ್ಲಿ ಮತದ ಹಕ್ಕೂ ಹೋಯಿತು. ನೂರು ವರ್ಷಗಳ ಸೇವೆ ಅವರಿಗೆ ಒಂದು ಮತಚೀಟಿಯನ್ನು ಕೂಡ ಉಳಿಸಿಕೊಡಲಿಲ್ಲ.

ಮುಂದಿನದು 1964ರ ಅಕ್ಟೋಬರ್ 30ರ ಒಪ್ಪಂದ. ಭಾರತದ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ ಮತ್ತು ಸಿಲೋನಿನ ಪ್ರಧಾನಿ ಸಿರಿಮಾವೋ ಬಂಡಾರನಾಯಕೆ ಸಹಿ ಹಾಕಿದರು. ಅಂದಾಜು 9,75,000 ಜನರಲ್ಲಿ 5,25,000 ಮಂದಿ ಭಾರತಕ್ಕೆ, 3,00,000 ಮಂದಿ ಸಿಲೋನಿಗೆ. ಉಳಿದ ಒಂದೂವರೆ ಲಕ್ಷ ಜನರ ಮಾತು ಮುಂದಕ್ಕೆ. 1974ರಲ್ಲಿ ಇಂದಿರಾ ಗಾಂಧಿಯವರ ಕಾಲದಲ್ಲಿ ಆ ಒಂದೂವರೆ ಲಕ್ಷವನ್ನೂ ಎರಡು ದೇಶಗಳು ಸರಿಯಾಗಿ ಅರ್ಧರ್ಧ ಹಂಚಿಕೊಂಡವು. ಅಣ್ಣತಮ್ಮಂದಿರು ಗದ್ದೆ ಪಾಲು ಮಾಡಿಕೊಳ್ಳುವಾಗ ಗದ್ದೆಯ ಅಭಿಪ್ರಾಯ ಕೇಳುವ ಕ್ರಮವಿಲ್ಲ. ಹಾಗೆಯೇ ಇಲ್ಲಿ ಮನುಷ್ಯರನ್ನೂ ಅವರ ನಾಯಕರನ್ನೂ ಕೇಳದೆಯೇ ಲೆಕ್ಕ ಮುಗಿದಿತ್ತು. ಆಮೇಲೆ ಜನರಿಂದ ಅರ್ಜಿ ಕರೆದರು. ಭಾರತ ಪೌರತ್ವ ಕೊಟ್ಟವರಿಗೆ ಪಾಸ್‌ಪೋರ್ಟು, ಕುಟುಂಬ ಕಾರ್ಡು ಸಿಕ್ಕವು. ತಲೈಮನ್ನಾರಿನಿಂದ ರಾಮೇಶ್ವರಕ್ಕೆ ಹಡಗು, ಅಲ್ಲಿಂದ ಮಂಟಪಂ ಶಿಬಿರ, ಅಲ್ಲಿಂದ ಸರ್ಕಾರ ತೋರಿಸಿದ ಕಡೆಗೆ. ಶ್ರೀಲಂಕೆಯಲ್ಲಿ ಯುದ್ಧ ಹೊತ್ತಿಕೊಂಡು 1984ರಲ್ಲಿ ಹಡಗು ನಿಲ್ಲುವವರೆಗೆ ಹೀಗೆ ಮೂರು ಲಕ್ಷಕ್ಕೂ ಹೆಚ್ಚು ಜನ ಬಂದರು.

ಸರ್ಕಾರ ತೋರಿಸಿದ ಆ ಕಡೆಗಳಲ್ಲಿ ಒಂದು ನಮ್ಮ ದಕ್ಷಿಣ ಕನ್ನಡ. ನೀಲಗಿರಿಯಲ್ಲಿ ತಮಿಳುನಾಡು ಸರ್ಕಾರ ಚಹಾ ತೋಟ ಮಾಡಿತು. ಕೇರಳ ಪುನಲೂರಿನ ಬಳಿ ರಬ್ಬರ್ ತೋಟ ಮಾಡಿತು. ಕರ್ನಾಟಕದ ಪಾಲಿಗೆ ಬಂದ ಕುಟುಂಬಗಳನ್ನು ಅಂದಿನ ಪುತ್ತೂರು, ಸುಳ್ಯ ತಾಲೂಕುಗಳ ಸರ್ಕಾರಿ ರಬ್ಬರ್ ತೋಟಗಳಿಗೆ ಕಳುಹಿಸಲಾಯಿತು. ಈಗ ಪ್ರತ್ಯೇಕ ತಾಲೂಕಾಗಿರುವ ಕಡಬವೂ ಅಂದು ಪುತ್ತೂರಿಗೆ ಸೇರಿತ್ತು. ಅರಣ್ಯ ಇಲಾಖೆ ಶುರುಮಾಡಿದ ಈ ತೋಟಗಳು 1971ರಲ್ಲಿ ಸ್ಥಾಪನೆಯಾದ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ಕೈಗೆ ಬಂದವು. ಮೇದಿನಡ್ಕ, ನಾಗಪಟ್ಟಣದಂಥ ಹೆಸರುಗಳನ್ನು ಸುಳ್ಯದವರು ಇಂದಿಗೂ ರಬ್ಬರ್ ತೋಟದ ಜೊತೆಗೇ ನೆನೆಯುತ್ತಾರೆ.

ಬಂದವರಲ್ಲಿ ಹಲವರು ಚಹಾದ ಚಿಗುರು ಕೀಳುತ್ತಿದ್ದವರು. ಇಲ್ಲಿ ಹೊಸ ಕೆಲಸ ಕಲಿಯಬೇಕಾಯಿತು. ರಬ್ಬರ್ ಟ್ಯಾಪಿಂಗ್ ನೋಡಲು ಸುಲಭ, ಮಾಡಲು ಕಷ್ಟ. ಬಿಸಿಲೇರಿದರೆ ಹಾಲು ಬೇಗ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಕತ್ತಲಿರುವಾಗಲೇ ತಲೆಗೆ ದೀಪ ಕಟ್ಟಿಕೊಂಡು ಹೊರಡಬೇಕು. ತೊಗಟೆಯನ್ನು ಓರೆಯಾಗಿ, ತೆಳ್ಳಗೆ ಕೆತ್ತಬೇಕು. ಕತ್ತಿ ಸ್ವಲ್ಪ ಆಳಕ್ಕೆ ಹೋದರೆ ಮರಕ್ಕೆ ಗಾಯ, ಮುಂದೆ ಅಲ್ಲಿ ಹಾಲಿಲ್ಲ. ಸ್ವಲ್ಪ ಮೇಲೆ ಉಳಿದರೆ ಇವತ್ತಿನ ಹಾಲಿಲ್ಲ. ನೂರಾರು ಮರ ಕೆತ್ತಿ ಮುಗಿಸಿ, ಬಂದ ದಾರಿಯಲ್ಲೇ ಮತ್ತೆ ಹೋಗಿ ಚಿಪ್ಪುಗಳಿಂದ ಹಾಲು ಬಸಿದು ತಂದು ತೂಕಕ್ಕೆ ಒಪ್ಪಿಸಬೇಕು. ಜಿಗಣೆ, ಹಾವು, ಈಚೆಗೆ ಆನೆಗಳ ಭಯ ಬೇರೆ. ನೆಟ್ಟ ಸಸಿ ಹಾಲು ಕೊಡಲು ಏಳು ವರ್ಷ ಬೇಕು, ಹಾಲು ಕೊಡುವುದು ಇಪ್ಪತ್ತೈದು ಮೂವತ್ತು ವರ್ಷ. ಒಬ್ಬ ಕಾರ್ಮಿಕನ ದುಡಿಯುವ ಆಯುಷ್ಯ ಹೆಚ್ಚುಕಡಿಮೆ ಒಂದು ರಬ್ಬರ್ ಮರದ ಆಯುಷ್ಯದಷ್ಟೇ.

ಈ ರಬ್ಬರ್ ಮರದ ಊರು ಯಾವುದು? ಬ್ರೆಜಿಲ್. 1876ರಲ್ಲಿ ಅಲ್ಲಿಂದ ಬೀಜ ಇಂಗ್ಲೆಂಡಿಗೆ ಹೋಯಿತು, ಅಲ್ಲಿ ಮೊಳೆತ ಸಸಿಗಳು ಅದೇ ವರ್ಷ ಸಿಲೋನಿನ ಹೆನರತ್‌ಗೊಡ ತೋಟಕ್ಕೆ ಬಂದವು, ಸಿಲೋನಿನಿಂದ ಭಾರತಕ್ಕೆ ಬಂದವು. ಅಂದರೆ ಮರವೂ ಮನುಷ್ಯನೂ ಒಂದೇ ದ್ವೀಪದ ದಾರಿಯಾಗಿ ನಮ್ಮ ಗುಡ್ಡಗಳಿಗೆ ಬಂದಿದ್ದಾರೆ. ಮರವನ್ನು ನಮ್ಮದೆಂದು ಒಪ್ಪಿಕೊಳ್ಳಲು ನಮಗೆ ಯಾವ ಪ್ರಮಾಣಪತ್ರವೂ ಬೇಕಾಗಲಿಲ್ಲ.

ಈ ಜನರ ಪರವಾಗಿ ಮಾತಾಡುವವರು ಸಾಮಾನ್ಯವಾಗಿ ಹೂಡುವ ವಾದವೊಂದಿದೆ. 'ಗುಡ್ಡ ಕಾಡಾಗಿದ್ದ ಜಾಗವನ್ನು ತೋಟ ಮಾಡಿದವರು ಇವರು, ಸರ್ಕಾರಕ್ಕೆ ಕೋಟಿಗಟ್ಟಲೆ ಆದಾಯ ತಂದವರು ಇವರು, ಆದ್ದರಿಂದ ಇವರಿಗೆ ಮನೆ ಕೊಡಿ, ಪ್ರಮಾಣಪತ್ರ ಕೊಡಿ.' ವಾದದಲ್ಲಿ ಸತ್ಯವಿದೆ, ಕೃತಜ್ಞತೆಯ ಕರೆಯಿದೆ. ಆದರೆ 'ಆದ್ದರಿಂದ' ಎಂಬ ಆ ಒಂದು ಶಬ್ದದ ಮುಂದೆ ನಾವು ಸ್ವಲ್ಪ ನಿಲ್ಲಬೇಕೆನಿಸುತ್ತದೆ. ಆ ಶಬ್ದ ಎಲ್ಲಿಗೆ ಕೊಂಡೊಯ್ಯುತ್ತದೆಂದು ತಿಳಿಯಲು ದೂರದ ಇನ್ನೊಂದು ಸಮುದಾಯದ ಕತೆ ನೆರವಾಗಬಹುದು. ಅವರು ಸಲ್ಲಿಸಿದ್ದು ತೋಟದ ಸೇವೆಯಲ್ಲ, ಯುದ್ಧದ ಸೇವೆ.

ಲಾವೋಸಿನ ಬೆಟ್ಟಗಳಲ್ಲಿ ಹ್ಮಾಂಗ್ ಎಂಬ ಜನಾಂಗವಿದೆ. ವಿಯೆಟ್ನಾಂ ಯುದ್ಧದ ಕಾಲದಲ್ಲಿ, 1961ರಿಂದ, ಅಮೆರಿಕದ ಗುಪ್ತಚರ ಸಂಸ್ಥೆ ಇವರಿಗೆ ಬಂದೂಕು ಕೊಟ್ಟು ಕಮ್ಯುನಿಸ್ಟರ ವಿರುದ್ಧ ಗುಟ್ಟಾಗಿ ಯುದ್ಧ ಮಾಡಿಸಿತು. ಇವರ ಸೇನಾಪತಿ ವಾಂಗ್ ಪಾವೊ. ಅದೆಷ್ಟೋ ಸಾವಿರ ಹ್ಮಾಂಗ್ ಜನ ಸತ್ತರು. ಗಂಡಸರು ಕಡಿಮೆಯಾದಾಗ ಹದಿಮೂರು ಹದಿನಾಲ್ಕರ ಹುಡುಗರೂ ಬಂದೂಕು ಹಿಡಿದರು. 1975ರ ಮೇ ತಿಂಗಳಲ್ಲಿ ಎಲ್ಲ ಕುಸಿದಾಗ ವಿಮಾನದಲ್ಲಿ ಜಾಗ ಸಿಕ್ಕಿದ್ದು ವಾಂಗ್ ಪಾವೊ ಮತ್ತು ಕೆಲವೇ ಸಾವಿರ ಜನರಿಗೆ. ಉಳಿದವರು ಮೆಕಾಂಗ್ ನದಿ ದಾಟಿ ಥಾಯ್ಲೆಂಡಿನ ಶಿಬಿರಗಳನ್ನು ಸೇರಿದರು, ಅಲ್ಲಿಂದ ವರ್ಷಗಳ ನಂತರ ಅಮೆರಿಕ ಸೇರಿದರು. ಕಾಡಿನಲ್ಲಿ ಕೋವಿ ಹಿಡಿದಿದ್ದವರು ಮಿನೆಸೋಟದ ಹಿಮದಲ್ಲಿ, ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ಹೊಸದಾಗಿ ಬದುಕು ಕಟ್ಟಬೇಕಾಯಿತು. ಹಳೆಯ ಸೈನಿಕರಲ್ಲಿ ಹಲವರು ಸಮುದಾಯದ ಮುಂದಾಳುಗಳಾದರು. ವಾಂಗ್ ಪಾವೊ ತಾನೇ 1977ರಲ್ಲಿ ನಿರಾಶ್ರಿತರ ನೆರವಿಗೆ ಒಂದು ಸಂಸ್ಥೆ ಕಟ್ಟಿದರು.

ಆ ಮುಂದಾಳುಗಳು ಅಮೆರಿಕದ ಸರ್ಕಾರದ ಮುಂದೆ ಇಟ್ಟ ವಾದ ಇದೇ: 'ನಾವು ನಿಮಗಾಗಿ ಹೋರಾಡಿದೆವು, ಆದ್ದರಿಂದ ನಮ್ಮನ್ನು ನಿಮ್ಮವರೆನ್ನಿ.' ಫಲ ಸಿಗಲಿಲ್ಲವೆಂದಲ್ಲ. ಇಂಗ್ಲಿಷ್ ಬಾರದ ಹಳೆಯ ಸೈನಿಕರಿಗೆ ಪೌರತ್ವ ಪರೀಕ್ಷೆಯಲ್ಲಿ ರಿಯಾಯಿತಿ ಕೊಡುವ ಕಾನೂನು 2000ದಲ್ಲಿ ಬಂತು. ಅಂದರೆ ಯುದ್ಧ ಮುಗಿದು 25 ವರ್ಷಗಳ ಮೇಲೆ. ಆದರೆ 2001ರ ನಂತರ ಭಯೋತ್ಪಾದನೆಯ ಹೆಸರಿನಲ್ಲಿ ಬಿಗಿಯಾದ ವಲಸೆ ಕಾನೂನುಗಳು ಯಾವುದೇ ಸರ್ಕಾರದ ವಿರುದ್ಧ ಶಸ್ತ್ರ ಹಿಡಿದವರನ್ನೆಲ್ಲ ಒಂದೇ ಸಾಲಿಗೆ ಸೇರಿಸಿದವು. ಅಮೆರಿಕವೇ ಕೊಟ್ಟ ಬಂದೂಕು ಹಿಡಿದ ಹ್ಮಾಂಗ್ ಸೈನಿಕರೂ ಆ ಸಾಲಿಗೆ ಬಿದ್ದರು! 2007ರ ಕೊನೆಯಲ್ಲಿ ಪ್ರತ್ಯೇಕ ಕಾನೂನು ಮಾಡಿ ಅವರನ್ನು ಹೊರತೆಗೆಯಬೇಕಾಯಿತು. 2011ರಲ್ಲಿ ವಾಂಗ್ ಪಾವೊ ತೀರಿಕೊಂಡಾಗ ಆರ್ಲಿಂಗ್ಟನ್ ಸೈನಿಕ ಸ್ಮಶಾನದಲ್ಲಿ ಜಾಗ ಕೇಳಿದರು. ಕೊಡಲಿಲ್ಲ. ಹ್ಮಾಂಗ್ ಸೈನಿಕರನ್ನು ರಾಷ್ಟ್ರೀಯ ಸ್ಮಶಾನಗಳಲ್ಲಿ ಮಣ್ಣು ಮಾಡಲು ಅವಕಾಶವಾದದ್ದು 2018ರಲ್ಲಿ.

ಸೇವೆಯನ್ನೇ ಹಕ್ಕಿನ ಆಧಾರ ಮಾಡಿಕೊಂಡರೆ ಆಗುವುದು ಹೀಗೆ. ಸೇವೆಗೆ ಬೆಲೆ ಕಟ್ಟುವ ತಕ್ಕಡಿ ಯಾವಾಗಲೂ ಸೇವೆ ಪಡೆದವನ ಕೈಯಲ್ಲಿರುತ್ತದೆ. ಇಂದು ತೂಗಿ 'ಸಾಕು' ಎಂದವನು ನಾಳೆ ತೂಗಿ 'ಸಾಲದು' ಎನ್ನಬಹುದು. ನಾಡು ಬದಲಾದರೆ ತೂಕವೂ ಬದಲಾಗುತ್ತದೆ. ಲಾವೋಸಿನಲ್ಲಿ ಕಮ್ಯುನಿಸ್ಟರ ಕಡೆ ನಿಂತು ಹೋರಾಡಿದ ಹ್ಮಾಂಗರೂ ಇದ್ದರು, ಅಲ್ಲಿನ ಸರ್ಕಾರ ಅವರನ್ನು ವೀರರೆಂದಿತು. ಒಂದೇ ಜನಾಂಗ, ಒಂದೇ ಬೆಟ್ಟ, ಒಂದೇ ಯುದ್ಧ. ಯಾರು ಸೇವಕ, ಯಾರು ದ್ರೋಹಿ ಎಂಬುದನ್ನು ತೀರ್ಮಾನಿಸಿದ್ದು ಆಯಾ ನಾಡಿನ ಸರ್ಕಾರ.

ಇದಕ್ಕೆ ಲಾವೋಸಿನವರೆಗೆ ಹೋಗಬೇಕಾಗಿಯೂ ಇಲ್ಲ. 1834ರಲ್ಲಿ ಕಂಪನಿ ಸರ್ಕಾರ ಕೊಡಗನ್ನು ನುಂಗಿ, ಅಮರಸುಳ್ಯ, ಪುತ್ತೂರು ಕಡೆಯ ಮಾಗಣೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಕಂದಾಯವನ್ನು ಹಣದಲ್ಲೇ ಕಟ್ಟಬೇಕೆಂದಾಗ ರೈತರು ಸಿಡಿದೆದ್ದರು. 1837ರಲ್ಲಿ ಸುಳ್ಯದಿಂದ ಹೊರಟ ದಂಡು ಮಂಗಳೂರನ್ನು ಕೆಲವು ದಿನ ಹಿಡಿದಿಟ್ಟುಕೊಂಡಿತ್ತು. ದಂಗೆ ಅಡಗಿದ ಮೇಲೆ ನಾಯಕರು ನೇಣಿಗೇರಿದರು. ದಂಗೆ ಅಡಗಿಸಲು ನೆರವಾದವರಿಗೆ ಕಂಪನಿ ಪದಕ ಹಂಚಿತು. ಇಂದು ಆ ಪದಕಗಳನ್ನು ಯಾರೂ ಎದೆಗೆ ಧರಿಸುವುದಿಲ್ಲ. ನೇಣಿಗೇರಿದವರ ಪಕ್ಷದ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ 2022ರಲ್ಲಿ ಮಂಗಳೂರಿನ ಬಾವುಟಗುಡ್ಡದಲ್ಲಿ ನಿಂತಿದೆ. ಸೇವೆ ಎಂಬ ಮಾತಿನ ಅರ್ಥ ನಮ್ಮ ಮಣ್ಣಿನಲ್ಲೇ ಇಷ್ಟು ತಲೆಕೆಳಗಾಗಿರುವಾಗ, ಬಡ ಕೂಲಿಯೊಬ್ಬನ ಮನೆಯ ಹಕ್ಕನ್ನು ಅದರ ಮೇಲೆ ನಿಲ್ಲಿಸುವುದು ಎಷ್ಟು ಭದ್ರ?

ಇನ್ನೊಂದು ತೊಂದರೆಯಿದೆ. ಹಕ್ಕು ಸೇವೆಯ ಬೆಲೆಯಾದರೆ ಸೇವೆ ಮಾಡದವರ ಗತಿಯೇನು? ಟ್ಯಾಪರನಿಗೆ ಊರು ಸಿಗುತ್ತದೆ ಎನ್ನೋಣ. ಸೊಂಟ ಬಿದ್ದು ಕೆಲಸ ಬಿಟ್ಟ ಹೆಂಗಸಿಗೆ? ತೋಟದ ಕೆಲಸ ಬೇಡವೆಂದು ಮಂಗಳೂರಿನ ಅಂಗಡಿಯಲ್ಲಿ ಲೆಕ್ಕ ಬರೆಯುವ ಮಗನಿಗೆ? ಹುಟ್ಟಿನಿಂದ ಕೈಕಾಲು ಬಾರದ ಮಗುವಿಗೆ? ರಬ್ಬರಿನ ಬೆಲೆ 2011ರಲ್ಲಿ ಕಿಲೋಗೆ 200 ರೂಪಾಯಿ ದಾಟಿತ್ತು, ಐದು ವರ್ಷ ಕಳೆಯುವುದರೊಳಗೆ ಅದರ ಅರ್ಧಕ್ಕಿಂತ ಕೆಳಗೆ ಬಂತು. ಬೆಲೆ ಇಳಿದ ವರ್ಷ ಕಾರ್ಮಿಕನ ಹಕ್ಕೂ ಅರ್ಧವಾಗಬೇಕೇ? ತೋಟ ನಷ್ಟದಲ್ಲಿದೆ ಎಂಬ ಮಾತು ಬಂದಾಗಲೆಲ್ಲ 'ಹಾಗಾದರೆ ಇವರನ್ನೇನು ಮಾಡುವುದು?' ಎಂಬ ಮಾತೂ ಬೆನ್ನಿಗೇ ಬರುತ್ತದೆ. ಸೇವೆಯ ವಾದದ ಒಳಗೆ ಈ ಪ್ರಶ್ನೆ ಮೊದಲೇ ಅಡಗಿ ಕುಳಿತಿದೆ. ಉಪಯೋಗಕ್ಕೆ ಬಂದದ್ದರಿಂದ ನಮ್ಮವರಾದವರು ಉಪಯೋಗ ತೀರಿದ ದಿನ ಪರಕೀಯರಾಗುತ್ತಾರೆ. ಸಿಲೋನಿನಲ್ಲಿ ಒಮ್ಮೆ ಆದದ್ದು ಇದೇ ಅಲ್ಲವೇ?

ಇಲ್ಲಿ ನಾಯಕತ್ವದ ಮಾತನ್ನೂ ಆಡಬೇಕು. ಇಂಥ ಸಮುದಾಯಗಳಲ್ಲಿ ಸರ್ಕಾರಕ್ಕೂ ಜನರಿಗೂ ನಡುವೆ ನಿಲ್ಲುವ ಒಬ್ಬ ವ್ಯಕ್ತಿ ಯಾವಾಗಲೂ ಬೇಕಾಗುತ್ತಾನೆ. ಸಿಲೋನಿನ ಹಳೆಯ ತೋಟಗಳಲ್ಲಿ ಆತನ ಹೆಸರು ಕಂಗಾಣಿ. ಊರಿನಿಂದ ಜನರನ್ನು ಕರೆತರುವವನು ಅವನೇ, ದಾರಿಖರ್ಚಿಗೆ ಮುಂಗಡ ಕೊಡುವವನು ಅವನೇ, ಆ ಸಾಲವನ್ನು ಕೂಲಿಯ ತಲೆಗೆ ಕಟ್ಟುವವನೂ ಅವನೇ. ಒಂದು ತೋಟ ಬಿಟ್ಟು ಇನ್ನೊಂದಕ್ಕೆ ಹೋಗಬೇಕಾದರೆ 'ತುಂಡು' ಎಂಬ ಚೀಟಿ ಬೇಕಿತ್ತು. ಅದರಲ್ಲಿ ಕೂಲಿಯ ಸಾಲ ಎಷ್ಟೆಂದು ಬರೆದಿರುತ್ತಿತ್ತು. ಆ ಸಾಲ ಕೊಟ್ಟವನಿಗೆ ಕೂಲಿ ಸೇರುತ್ತಿದ್ದ. 1921ರಲ್ಲಿ ತುಂಡು ಪದ್ಧತಿ ರದ್ದಾಯಿತು. ಕಂಗಾಣಿ ತನ್ನ ಜನರ ಕಷ್ಟ ಬಲ್ಲವನು, ಅವರ ಭಾಷೆ ಆಡುವವನು, ಮದುವೆ ಸಾವಿಗೆ ಮುಂದೆ ನಿಲ್ಲುವವನು. ಅವರನ್ನು ಋಣದಲ್ಲಿ ಇಟ್ಟವನೂ ಅವನೇ. ವಾಂಗ್ ಪಾವೊ ಬದುಕಿನಲ್ಲೂ ಇದೇ ಇಬ್ಬಗೆಯಿದೆ: ಹುಡುಗರನ್ನು ಯುದ್ಧಕ್ಕೆ ಕಳುಹಿಸಿದವನು, ಉಳಿದವರಿಗೆ ಪರದೇಶದಲ್ಲಿ ತಂದೆಯಂತೆ ನಿಂತವನು. ಇಂಥವರನ್ನು ಪೂಜಿಸುವುದಾಗಲೀ ಶಪಿಸುವುದಾಗಲೀ ಸುಲಭ. ಎರಡನ್ನೂ ಮಾಡದೆ ಅರ್ಥ ಮಾಡಿಕೊಳ್ಳುವುದು ಕಷ್ಟ.

ಪುತ್ತೂರು, ಸುಳ್ಯದ ತೋಟಗಳಲ್ಲಿ ಬೆಳೆದ ಮುಂದಾಳುತನ ಬೇರೆ ರೀತಿಯದು. ಬಂದ ತಲೆಮಾರಿಗೆ ಗೊತ್ತಿದ್ದದ್ದು ತಮಿಳು, ಕಚೇರಿಯ ಅರ್ಜಿ ಕನ್ನಡದಲ್ಲಿ. ಆದ್ದರಿಂದ ಕನ್ನಡ ಕಲಿತವನು ತಾನಾಗಿ ಮುಂದಾಳಾದ. ಅಪ್ಪನ ಅರ್ಜಿ ಬರೆದ ಶಾಲೆಯ ಹುಡುಗನಿಂದ ಹಿಡಿದು ಕಾರ್ಮಿಕ ಸಂಘದಲ್ಲಿ ಮಾತಾಡುವವರವರೆಗೆ, ಗುಡಿಯ ಸಮಿತಿಯವರಿಂದ ಪಂಚಾಯತು ಸದಸ್ಯರವರೆಗೆ, ಈ ನಾಯಕತ್ವ ಬೆಳೆದದ್ದು ತಾಲೂಕು ಕಚೇರಿಯ ಮೆಟ್ಟಿಲ ಮೇಲೆ. ಇವರ ಕೆಲಸಕ್ಕೆ ಪದಕವಿಲ್ಲ. ಆದರೆ ನಮ್ಮ ಲೆಕ್ಕದಲ್ಲಿ ಒಳ್ಳೆಯ ನಾಯಕನ ಗುರುತು ಒಂದೇ: ತಾನಿಲ್ಲದೆಯೂ ತನ್ನ ಜನ ಕಚೇರಿಯ ಕಿಟಕಿಯ ಮುಂದೆ ತಲೆಯೆತ್ತಿ ನಿಲ್ಲುವಂತೆ ಮಾಡುವುದು. ಅದಕ್ಕಾಗಿ ಆತ ಕೇಳುವ ಧಾಟಿಯನ್ನೇ ಬದಲಿಸಬೇಕಾಗುತ್ತದೆ. 'ದುಡಿದಿದ್ದೇವೆ, ದಯಮಾಡಿ ಕೊಡಿ' ಎನ್ನುವ ಬದಲು 'ಈ ದೇಶದ ಪೌರರು, ನಮ್ಮ ಪಾಲು ಕೊಡಿ' ಎನ್ನಬೇಕಾಗುತ್ತದೆ.

ಪಾಲು ಎಂದರೆ ಯಾವುದು? ಎರಡನ್ನು ಹೇಳೋಣ.

ಮೊದಲನೆಯದು ಜಾತಿ ಪ್ರಮಾಣಪತ್ರ. ಇವರಲ್ಲಿ ಹೆಚ್ಚಿನವರು ಪರಿಶಿಷ್ಟ ಜಾತಿಯವರು. ಆದಿ ದ್ರಾವಿಡದಂಥ ಹೆಸರು ಕರ್ನಾಟಕದ ಪಟ್ಟಿಯಲ್ಲೂ ಇದೆ. ಆದರೂ ಪ್ರಮಾಣಪತ್ರಕ್ಕಾಗಿ ಇವರು ದಶಕಗಳ ಕಾಲ ಅಲೆದಾಡಿದ್ದಾರೆ. ಒಂದು ರಾಜ್ಯದಿಂದ ಇನ್ನೊಂದಕ್ಕೆ ತಾನಾಗಿ ವಲಸೆ ಹೋದವರು ಪರಿಶಿಷ್ಟ ಸ್ಥಾನವನ್ನು ಜೊತೆಗೆ ಒಯ್ಯುವಂತಿಲ್ಲ ಎಂದು ಸುಪ್ರೀಂ ಕೋರ್ಟು 1990ರಲ್ಲಿ ಹೇಳಿದೆ. 1950ರ ರಾಷ್ಟ್ರಪತಿ ಆದೇಶದ ಕಾಲಕ್ಕೆ ಕುಟುಂಬ ಎಲ್ಲಿತ್ತು ಎಂದು ಕೇಳುವ ಕ್ರಮವೂ ಇದೆ. ನಿಯಮಕ್ಕೆ ತನ್ನದೇ ಕಾರಣವಿದೆ, ಸ್ಥಳೀಯ ದಲಿತರ ಪಾಲು ಹೊರಗಿನವರಿಗೆ ಹೋಗಬಾರದೆಂಬ ಕಾಳಜಿ ಸುಳ್ಳಲ್ಲ. ಆದರೆ ಇವರು ತಾವಾಗಿ ಬಂದವರೇ? 1950ರಲ್ಲಿ ಇವರು ಸಿಲೋನಿನಲ್ಲಿದ್ದರು, ನಿಜ. ಅಲ್ಲಿದ್ದರೆಂಬ ಕಾರಣಕ್ಕೇ ಅಲ್ಲವೇ ಸರ್ಕಾರ ಇವರನ್ನು ಕರೆತಂದದ್ದು? ಕರೆತರಲು ಕಾರಣವಾದದ್ದನ್ನೇ ಕೊಡದಿರಲು ಕಾರಣ ಮಾಡುವುದು ಯಾವ ನ್ಯಾಯ? ಸುಳ್ಯ ವಿಧಾನಸಭಾ ಕ್ಷೇತ್ರ ದಶಕಗಳಿಂದ ಪರಿಶಿಷ್ಟ ಜಾತಿಗೆ ಮೀಸಲು. ಅಲ್ಲಿ ಮತ ಹಾಕುವ ದಲಿತನೊಬ್ಬನಿಗೆ ತಾನು ದಲಿತನೆಂದು ಸಾಬೀತು ಮಾಡಲಾಗದಿದ್ದರೆ ಆತ ಅಲ್ಲಿ ಮತದಾರ ಮಾತ್ರ, ಅಭ್ಯರ್ಥಿಯಾಗಲಾರ. ಜಾತಿಯ ಅವಮಾನವನ್ನು ಹಡಗು ದಾಟಿಸಿ ತರಲು ಯಾವ ಕಾಗದವೂ ಬೇಕಿರಲಿಲ್ಲ. ಅದಕ್ಕಿರುವ ಪರಿಹಾರಕ್ಕೆ ಮಾತ್ರ ಕಾಗದ ಬೇಕು!

ಎರಡನೆಯದು ಮನೆ. ತೋಟದ ಮನೆ ಕೆಲಸಕ್ಕೆ ಅಂಟಿಕೊಂಡದ್ದು. ಕಾರ್ಮಿಕನಿಗೆ ಮಾಲೀಕ ಮನೆ ಕೊಡಬೇಕೆಂದು 1951ರ ತೋಟ ಕಾರ್ಮಿಕರ ಕಾನೂನಿನ ಕಾಲದಿಂದಲೂ ಇದೆ. ಆದರೆ ಕೆಲಸ ಮುಗಿದ ಮೇಲೆ? ನಿಗಮದ ತೋಟಗಳಿರುವುದು ಅರಣ್ಯ ಭೂಮಿಯಲ್ಲಿ. 1980ರ ಅರಣ್ಯ ಸಂರಕ್ಷಣಾ ಕಾನೂನಿನ ಪ್ರಕಾರ ಅದನ್ನು ಸುಲಭವಾಗಿ ಯಾರ ಹೆಸರಿಗೂ ಬರೆದುಕೊಡಲಾಗದು. ಹೀಗೆ, ಮೂವತ್ತು ವರ್ಷ ಮಲಗೆದ್ದ ಮನೆ ನಿವೃತ್ತಿಯ ದಿನ ಮತ್ತೆ 'ಕ್ವಾರ್ಟರ್ಸ್' ಆಗುತ್ತದೆ. ಮನೆ ಉಳಿಯಬೇಕಾದರೆ ಮಕ್ಕಳಲ್ಲಿ ಒಬ್ಬರಾದರೂ ಕತ್ತಿ ಹಿಡಿದು ತೋಟಕ್ಕೆ ಇಳಿಯಬೇಕು. ತುಂಡು ಚೀಟಿ ಹೋಗಿ ನೂರು ವರ್ಷ ಕಳೆದಿದೆ, ಆದರೆ ಕೆಲಸಕ್ಕೆ ಕಟ್ಟಿದ ಮನೆ ಅದರ ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿದೆ.

ಇಷ್ಟು ಹೇಳಿದ ಮೇಲೆ ಎದುರು ವಾದವನ್ನೂ ಕೇಳಬೇಕು. 'ನಮ್ಮ ಊರಿನಲ್ಲೇ ಐದು ಸೆಂಟ್ಸ್ ಜಾಗವಿಲ್ಲದ ಬಡವರಿದ್ದಾರೆ. ಇವರಿಗೆ ಸರ್ಕಾರಿ ಕೆಲಸ, ಮನೆಯಾದರೂ ಸಿಕ್ಕಿತು. ನಮ್ಮವರಿಗೆ ಅದೂ ಇಲ್ಲ' ಎನ್ನುವವರಿದ್ದಾರೆ. ಇದನ್ನು ಹೊಟ್ಟೆಕಿಚ್ಚೆಂದು ತಳ್ಳಿಹಾಕುವುದು ಸರಿಯಲ್ಲ. ಸ್ಥಳೀಯ ಬಡವನ ದುಃಖವೂ ನಿಜವಾದುದು. ಆದರೆ ಆತನಿಗೆ ಜಾಗ ಇಲ್ಲದಂತಾದದ್ದು ತೋಟದ ಟ್ಯಾಪರನಿಂದಲ್ಲ. ಇಬ್ಬರು ಬಡವರು ಒಂದು ತುಂಡು ರೊಟ್ಟಿಗೆ ಜಗಳವಾಡುವಾಗ ರೊಟ್ಟಿ ಅಷ್ಟು ಸಣ್ಣದಾದದ್ದು ಹೇಗೆಂದು ಕೇಳುವುದು ನ್ಯಾಯ. 'ನಮ್ಮವರು' ಎಂಬ ಮಾತನ್ನೂ ಸ್ವಲ್ಪ ಪರೀಕ್ಷಿಸಬೇಕು. ಘಟ್ಟದ ಮೇಲಿನಿಂದ ಇಳಿದು ಬಂದವರೆಂದು ತಮ್ಮ ಕತೆ ಹೇಳುವವರು ಇಲ್ಲಿದ್ದಾರೆ. ತಿರುವಾಂಕೂರಿನಿಂದ ಬಂದು ನೆಲ್ಯಾಡಿ, ಕಡಬದ ಕಡೆ ಗುಡ್ಡ ಕಡಿದು ಬದುಕು ಕಟ್ಟಿದ ಮಲಯಾಳಿ ಕ್ರೈಸ್ತರಿದ್ದಾರೆ. ಕಡಲ ವ್ಯಾಪಾರದ ನಂಟಿನಲ್ಲಿ ಬೆಳೆದ ಬ್ಯಾರಿಗಳಿದ್ದಾರೆ. ಈ ಸೀಮೆಯಲ್ಲಿ ಮೂಲದವರು, ಹೊರಗಿನವರು ಎಂಬ ವ್ಯತ್ಯಾಸ ಬಹುಮಟ್ಟಿಗೆ ಮೊದಲ ಬಸ್ಸಿಗೆ ಬಂದವರು, ಆಮೇಲಿನ ಬಸ್ಸಿಗೆ ಬಂದವರು ಎಂಬಷ್ಟೇ.

ಹಾಗಾದರೆ ಸೇವೆಗೆ ಬೆಲೆಯೇ ಇಲ್ಲವೇ? ಇದೆ. ನಮ್ಮ ಭಾಷೆಯಲ್ಲಿ ಅದಕ್ಕೆ ಋಣ ಎಂಬ ಮಾತಿದೆ. ಋಣ ತೀರಿಸಬೇಕಾದವರು ನಾವು. ಸರಿಯಾದ ಕೂಲಿ, ಪಿಂಚಣಿ, ಕಾಯಿಲೆಗೆ ಚಿಕಿತ್ಸೆ, ಮುಪ್ಪಿಗೆ ಗೌರವ ಇವೆಲ್ಲ ಋಣದ ಲೆಕ್ಕಕ್ಕೆ ಬರುತ್ತವೆ. ಹ್ಮಾಂಗ್ ಸೈನಿಕನ ಗೋರಿಯ ಕಲ್ಲಾಗಲಿ, ಟ್ಯಾಪರನ ಗ್ರಾಚ್ಯುಟಿಯಾಗಲಿ ಅಲ್ಲಿ ಸೇರಲಿ. ಆದರೆ ಊರು, ಪೌರತ್ವ, ತಲೆಯ ಮೇಲೊಂದು ಸೂರು, ತನ್ನ ಹೆಸರಿನ ಪ್ರಮಾಣಪತ್ರ ಇವು ಋಣದ ಪುಸ್ತಕಕ್ಕೆ ಸೇರಿದವಲ್ಲ. ಇವನ್ನು ದುಡಿದು ಸಂಪಾದಿಸಬೇಕಿಲ್ಲ, ಹಾಗೆಯೇ ದುಡಿಯದಿದ್ದರೆ ಕಳೆದುಕೊಳ್ಳುವಂತೆಯೂ ಇರಬಾರದು. ನಾವು ನಮ್ಮ ಊರನ್ನು ಯಾವ ಸೇವೆ ಮಾಡಿ ಪಡೆದೆವು ಎಂದು ಒಮ್ಮೆ ಕೇಳಿಕೊಂಡರೆ ಸಾಕು. ಹುಟ್ಟಿದೆವು, ಅಷ್ಟೆ. ನಮಗೆ ಪುಕ್ಕಟೆಯಾಗಿ ಸಿಕ್ಕಿದ್ದಕ್ಕೆ ಇನ್ನೊಬ್ಬರಿಂದ ಬೆಲೆ ಕೇಳುವ ಅಧಿಕಾರ ನಮಗೆ ಎಲ್ಲಿಂದ ಬಂತು?

ಶ್ರೀಲಂಕೆ ಕೂಡ ಕೊನೆಗೆ ಈ ದಾರಿಗೆ ಬಂತು. ಅಲ್ಲಿ ಉಳಿದಿದ್ದ ನೆಲೆಯಿಲ್ಲದವರಿಗೆ ಪೌರತ್ವ ಕೊಡುವ ಕಾನೂನನ್ನು 2003ರಲ್ಲಿ ಮಾಡಿತು. ಪೌರತ್ವ ಕಿತ್ತುಕೊಂಡು 55 ವರ್ಷಗಳಾಗಿದ್ದವು. ಅಷ್ಟರಲ್ಲಿ ಮೂರು ತಲೆಮಾರು ಸವೆದುಹೋಗಿತ್ತು.

ನಮ್ಮ ಸುಳ್ಯ, ಪುತ್ತೂರು, ಕಡಬದಲ್ಲೂ ಮೂರನೆಯ ತಲೆಮಾರು ಬೆಳೆದು ನಿಂತಿದೆ. ಮನೆಯಲ್ಲಿ ತಮಿಳು, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಆಡುವ ಮಕ್ಕಳವು. ಮುಂದೊಂದು ದಿನ ಬಸ್ಸಿನಲ್ಲಿ ನಮ್ಮ ಪಕ್ಕ ಕುಳಿತ ಅಂಥ ಹುಡುಗಿಯೊಬ್ಬಳನ್ನು 'ಊರು ಯಾವುದಾಯಿತು ಮಗಾ?' ಎಂದು ಕೇಳುತ್ತೇವೆ. ಅವಳು 'ಸುಳ್ಯ' ಎನ್ನುತ್ತಾಳೆ. ಆಗ ನಾವು ಎರಡನೆಯ ಪ್ರಶ್ನೆ ಕೇಳದೆ, ಅಲ್ಲಿ ನಮಗೆ ಪರಿಚಯದವರು ಯಾರಿದ್ದಾರೆಂದು ಹೇಳಿ ಮಾತು ಮುಂದುವರಿಸಬೇಕು. ಸರ್ಕಾರ ಮಾಡಬೇಕಾದದ್ದು ಬಹಳ ಇದೆ. ನಾವು ಮಾಡಬೇಕಾದದ್ದು ಮೊದಲಿಗೆ ಇಷ್ಟು.